ಹೊಗೆಸೊಪ್ಪಿನ ಬದಲು ಬೆಳೆಗೆ ಜೇನು ಎಲ್ಲಿಂದ ಬರಬೇಕು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿಗೆ ಪರ್ಯಾಯ ಬೆಳೆ ಬೇಕೆಂಬ ಮಾತು, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದ ನಂತರ ಬಲಗೊಂಡಿದೆ. ಬೆಲೆ, ನೀರು, ಮಾರುಕಟ್ಟೆಗಳ ಚರ್ಚೆ ಸಾಕಷ್ಟಾಗಿದೆ. ಪರಾಗಸ್ಪರ್ಶದ ಚರ್ಚೆ ಕಡಿಮೆ.

ಇದಕ್ಕೆ ಕಾರಣವೂ ಇದೆ. ಭತ್ತ, ರಾಗಿಗಳು ಸ್ವಕೀಯ ಪರಾಗಸ್ಪರ್ಶದಿಂದ ಕಾಳು ಕಟ್ಟುತ್ತವೆ. ಮುಸುಕಿನ ಜೋಳಕ್ಕೆ ಗಾಳಿ ಸಾಕು. ಶುಂಠಿಯನ್ನು ಗಡ್ಡೆಯಿಂದಲೇ ಬೆಳೆಯುತ್ತೇವೆ. ಹೊಗೆಸೊಪ್ಪಿನಲ್ಲಂತೂ ಎಲೆಯ ತೂಕಕ್ಕಾಗಿ ಹೂಗೊಂಚಲನ್ನೇ ಮುರಿದುಹಾಕುತ್ತೇವೆ. ಹೀಗಾಗಿ ಜೇನಿನ ಕೊರತೆ ಕಣ್ಣಿಗೆ ಬೀಳಲಿಲ್ಲ. ಆದರೆ ಸೂರ್ಯಕಾಂತಿ, ಕುಂಬಳ, ಸೌತೆ, ಕಲ್ಲಂಗಡಿಗಳ ವಿಷಯ ಬೇರೆ. ಕುಂಬಳದ ಪರಾಗ ಭಾರವಾದುದು, ಅಂಟುಳ್ಳದ್ದು, ಗಾಳಿಯಲ್ಲಿ ಹಾರದು. ಹೆಣ್ಣು ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ನೊಣ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಅರೆಬರೆ ಪರಾಗ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸಿದರೆ ಉಳಿದ ನೊಣಗಳೂ ಹೋಗುತ್ತವೆ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ನಂಜುರೋಗವು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ತುಡುವೆ ಗೂಡು ಕಟ್ಟುವುದು ಮರದ ಪೊಟರೆಯಲ್ಲಿ. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೋ ಸೌದೆ ಬೇಕು. ಬದುವಿನ ಹಳೆಯ ಹೊಂಗೆ, ನೇರಳೆ ಸೌದೆಯಾದರೆ ಜೇನಿಗೆ ಮನೆಯೂ ಇಲ್ಲ, ಮೇವೂ ಇಲ್ಲ.

ಕೇಂದ್ರ ಸರ್ಕಾರವು 2020ರಲ್ಲಿ ಜೇನು ಸಾಕಣೆಗೆ 500 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಸಂತೋಷವೇ, ಆದರೆ ಪೆಟ್ಟಿಗೆ ಕೊಟ್ಟ ಮಾತ್ರಕ್ಕೆ ಜೇನು ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೂವು ಬೇಕು. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದ ನಿಮ್ಮ ಹಿರಿಯರ ಪದ್ಧತಿ ಅಗ್ಗದ ಪರಿಹಾರ. ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಕಾಳು ಕಟ್ಟಲಾರದು. ಜೇನನ್ನು ಕರೆಯುವುದು ಅದಕ್ಕೆ ಅನಿವಾರ್ಯ.

ಇಮಿಡಾಕ್ಲೋಪ್ರಿಡ್ ಸೇರಿದಂತೆ ಮೂರು ಕೀಟನಾಶಕಗಳ ಬಯಲು ಬಳಕೆಯನ್ನು ಐರೋಪ್ಯ ಒಕ್ಕೂಟವು ಜೇನಿನ ಹಿತಕ್ಕಾಗಿ 2018ರಲ್ಲಿ ನಿಷೇಧಿಸಿತು. ನೀವು ಹೂವಿನ ಹಂತದಲ್ಲಾದರೂ ಇವನ್ನು ಕೈಬಿಡಿರಿ. ಸಿಂಪಡಣೆ ಅನಿವಾರ್ಯವಾದರೆ ಸೂರ್ಯಾಸ್ತದ ನಂತರ ಮಾಡಿರಿ.

ವಿಸ್ತರಣಾ ಕಾರ್ಯಕರ್ತರು ಮಿಡಿ ಉದುರುವ ದೂರು ಬಂದಾಗ ಮೊದಲು ಹತ್ತು ಹೆಣ್ಣು ಹೂಗಳಿಗೆ ಬೆಳಿಗ್ಗೆಯೇ ಗಂಡು ಹೂವಿನ ಪರಾಗವನ್ನು ಕೈಯಿಂದ ಸವರಿ, ದಾರ ಕಟ್ಟಿ ಗುರುತಿಸಿರಿ. ಒಂದು ವಾರದಲ್ಲಿ ಅವು ಮಾತ್ರ ಕಾಯಿ ಕಚ್ಚಿ ಉಳಿದವು ಉದುರಿದರೆ, ಆ ಹೊಲಕ್ಕೆ ಬೇಕಿರುವುದು ಔಷಧಿಯಲ್ಲ, ಜೇನು.