ರೋಗ ಪತ್ತೆಯಾಯಿತು, ಕೀಟದ ಗುರುತು ಯಾರ ಹೊಣೆ?

ಕೇರಳದ ಅಗಸ್ತ್ಯಮಲೆ ಕಾಡಿನ ಕಾಣಿ ಬುಡಕಟ್ಟಿನವರಲ್ಲಿ ಕಾಣಿಸಿಕೊಂಡ, ಬೇಗನೆ ಮಾಯದ ಹುಣ್ಣುಗಳಿಗೆ ಚರ್ಮದ ಲೀಷ್ಮೇನಿಯಾಸಿಸ್ ಕಾರಣವೆಂಬುದು ದಶಕದ ಹಿಂದೆಯೇ ದೃಢಪಟ್ಟಿದೆ. ಬಿಹಾರದಲ್ಲಿ ಕಾಲಾ ಅಜಾರ್ ಆಗಿ ಜೀವ ತೆಗೆಯುವ ಲೀಷ್ಮೇನಿಯಾ ಡೊನೊವಾನಿ ಎಂಬ ಪರಾವಲಂಬಿಯೇ ಇಲ್ಲಿ ಚರ್ಮವನ್ನು ಕೊರೆಯುತ್ತಿದೆ. ಶ್ರೀಲಂಕಾದಲ್ಲೂ ಇದೇ ಸ್ಥಿತಿ.

ಈ ಪರಾವಲಂಬಿಯನ್ನು ಹೊತ್ತು ತರುವುದು ಮರಳು ನೊಣ. ಆದರೆ ಎಲ್ಲ ಮರಳು ನೊಣಗಳೂ ಅಪರಾಧಿಗಳಲ್ಲ. ಕಾಲಾ ಅಜಾರ್ ಹರಡುವ ಫ್ಲೆಬೊಟೋಮಸ್ ಅರ್ಜೆಂಟಿಪಿಸ್ ಪ್ರಭೇದದ ಮೇಲೆ ಗುಮಾನಿ ಸಹಜ. ಆದರೂ ರಾಜಸ್ಥಾನದ ಬಿಕಾನೇರ್‌ನ ಚರ್ಮದ ಲೀಷ್ಮೇನಿಯಾಸಿಸ್‌ಗೆ ಪರಾವಲಂಬಿಯೂ ಬೇರೆ, ವಾಹಕವೂ ಬೇರೆ. ಒಂದೆಡೆಯ ಉತ್ತರವನ್ನು ಇನ್ನೊಂದೆಡೆಗೆ ಹೊರಿಸಲಾಗದು.

ಗುರುತಿಸುವ ಕೆಲಸ ಸುಲಭದ್ದಲ್ಲ. ಈ ಕೀಟದ ಉದ್ದ 2ರಿಂದ 3 ಮಿಲಿಮೀಟರ್ ಅಷ್ಟೇ. ಹಾರುವಾಗ ಸದ್ದಿಲ್ಲ, ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿ ನುಸುಳಿಬಿಡುತ್ತದೆ. ಕಚ್ಚುವುದು ಹೆಣ್ಣು ಮಾತ್ರ. ರಾತ್ರಿ ಬೆಳಕಿನ ಬಲೆಯಿಟ್ಟು, ಹರಳೆಣ್ಣೆ ಸವರಿದ ಕಾಗದ ತೂಗುಹಾಕಿ ಹಿಡಿಯಬೇಕು. ಹಿಡಿದದ್ದನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ, ಗಂಟಲಿನ ಹಲ್ಲುಸಾಲು ಮತ್ತು ಜನನಾಂಗದ ರಚನೆ ನೋಡಿ ಪ್ರಭೇದ ನಿರ್ಧರಿಸಬೇಕು. ಕೆಲವೊಮ್ಮೆ ಡಿಎನ್‌ಎ ಪರೀಕ್ಷೆಯೇ ಬೇಕಾಗುತ್ತದೆ. ಆ ನಂತರವೂ ಅದರ ಕರುಳಿನಲ್ಲಿ ರೋಗಿಯ ಹುಣ್ಣಿನಲ್ಲಿರುವ ಪರಾವಲಂಬಿಯೇ ಇದೆಯೆಂದು ತೋರಿಸದೆ ಆರೋಪ ಸಾಬೀತಾಗದು.

ಇಷ್ಟು ಶ್ರಮ ಯಾಕೆಂದರೆ, ನಿಯಂತ್ರಣವೆಲ್ಲ ಇದನ್ನೇ ಅವಲಂಬಿಸಿದೆ. ಮರಳು ನೊಣ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಕೊಟ್ಟಿಗೆಯ ತೇವದ ಮಣ್ಣು, ಗೋಡೆಯ ಬಿರುಕು, ಮರದ ಪೊಟರೆ ಅದರ ನೆಲೆ. ಚರಂಡಿಗೆ ಔಷಧಿ ಸುರಿದು ವರದಿ ಕಳುಹಿಸಿದರೆ ಹಾಡಿಯ ಜನರಿಗೆ ಪ್ರಯೋಜನವಿಲ್ಲ. ಮನೆಯೊಳಗೆ ತಂಗುವ ಪ್ರಭೇದವೋ ಕಾಡಿನಲ್ಲಿ ಕಚ್ಚುವ ಪ್ರಭೇದವೋ ಎಂಬುದು ತಿಳಿಯದೆ ಗೋಡೆಗೆ ಸಿಂಪಡಿಸುವುದೂ ಅಂದಾಜಿನ ಕೆಲಸವೇ.

ಈ ವಿದ್ಯೆ ನಮಗೆ ಹೊಸದಲ್ಲ. ಅರ್ಜೆಂಟಿಪಿಸ್ ಕಚ್ಚಿದರೆ ಕಾಲಾ ಅಜಾರ್ ಅಂಟುತ್ತದೆಂದು ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ 1942ರಲ್ಲಿ ಪ್ರಯೋಗದಿಂದಲೇ ಸಾಬೀತುಪಡಿಸಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಉಣುಗುಗಳನ್ನು ಆಯ್ದು ರೋಗದ ಜಾಡು ಹಿಡಿದರು. ಮಲೆನಾಡಿಗರು ಇಂದಿಗೂ ಉಣುಗಿನ ವಿಷಯದಲ್ಲಿ ಎಚ್ಚರ ವಹಿಸುವುದು ಆ ಶೋಧದ ಫಲ.

ಆ ಪರಂಪರೆ ಈಗ ಸೊರಗುತ್ತಿದೆ. ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಕೀಟ ವರ್ಗೀಕರಣಕ್ಕೆ ಮೊದಲಿನ ಮರ್ಯಾದೆಯಿಲ್ಲ. ಪ್ರಭೇದ ಗುರುತಿಸಬಲ್ಲ ಹಿರಿಯರು ನಿವೃತ್ತರಾದರೆ ಅವರ ಕೈಕೆಲಸವೂ ಅವರೊಂದಿಗೇ ಹೋಗುತ್ತದೆ. ಕಾಲಾ ಅಜಾರ್ ನಿರ್ಮೂಲನಾ ಕಾರ್ಯಕ್ರಮದ ಗಮನವೆಲ್ಲ ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಪಶ್ಚಿಮ ಬಂಗಾಳಗಳ ಮೇಲಿದೆ. ಸಾವು ತರುವ ರೂಪಕ್ಕೆ ಆದ್ಯತೆ ನ್ಯಾಯವೇ. ಹಾಗೆಂದು ಮುಖದ ಮೇಲೆ ಕಲೆ ಹೊತ್ತು ಬದುಕುವವರನ್ನು ಲೆಕ್ಕದಿಂದ ಬಿಡುವುದು ನ್ಯಾಯವಲ್ಲ. ಶ್ರೀಲಂಕಾ 2008ರಲ್ಲೇ ಈ ರೋಗದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದನ್ನು ಕಡ್ಡಾಯಗೊಳಿಸಿತು.

ಪಶ್ಚಿಮ ಘಟ್ಟಕ್ಕೆ ರಾಜ್ಯಗಳ ಗಡಿ ತಿಳಿಯದು. ಕರ್ನಾಟಕ ಭಯಪಡಬೇಕಿಲ್ಲ, ಆದರೆ ನೋಡುವ ಕಣ್ಣುಗಳನ್ನು ಸಿದ್ಧವಾಗಿಡಬೇಕು. ಘಟ್ಟದ ಜಿಲ್ಲೆಗಳಿಗೆ ಕಾಯಂ ಕೀಟಶಾಸ್ತ್ರಜ್ಞರನ್ನು ನೇಮಿಸುವುದು ರಾಜ್ಯ ಸರ್ಕಾರಗಳ ಕರ್ತವ್ಯ. ಚರ್ಮದ ರೂಪವನ್ನೂ ರಾಷ್ಟ್ರೀಯ ಕಣ್ಗಾವಲಿಗೆ ಸೇರಿಸಿ, ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಅವರ ತರಬೇತಿಗೆ ಹಣ ಒದಗಿಸುವುದು ಕೇಂದ್ರದ್ದು. ಮುಂದಿನ ಬಜೆಟ್‌ನಲ್ಲಿ ಇವೆರಡಕ್ಕೂ ಪ್ರತ್ಯೇಕ ಅನುದಾನ ಕಾಣಿಸಬೇಕು.