ವೆರಿಕೋಸೀಲ್: ಶಸ್ತ್ರಚಿಕಿತ್ಸೆ ಯಾರಿಗೆ, ಔಷಧಿ ಯಾರಿಗೆ?

ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮಕ್ಕಳಾಗದಿದ್ದರೆ ನಮ್ಮ ಮನೆಗಳಲ್ಲಿ ಸೊಸೆಯನ್ನೇ ಮೊದಲು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮಗನನ್ನೂ ಪರೀಕ್ಷಿಸಬೇಕೆಂದರೆ, "ನನ್ನ ಮಗಗ ಏನೂ ದೋಷ ಇಲ್ರಿ" ಎಂದು ಮುಖ ತಿರುಗಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ. ಆದರೆ ಇಂತಹ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಪುರುಷನ ಕೊರತೆಯೂ ಸೇರಿರುತ್ತದೆ. ಅವುಗಳಲ್ಲಿ ಸರಿಪಡಿಸಬಹುದಾದವುಗಳ ಪೈಕಿ ಹೆಚ್ಚಾಗಿ ಕಾಣುವುದು ವೆರಿಕೋಸೀಲ್.

ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಸಿರೆಗಳ ಕವಾಟಗಳು ಕೆಟ್ಟಾಗ ರಕ್ತವು ಹಿಂದಕ್ಕೆ ಹರಿದು ನಿಲ್ಲುತ್ತದೆ, ಸಿರೆಗಳು ಉಬ್ಬುತ್ತವೆ. ಎಡಗಡೆಯ ಸಿರೆಯು ಮೂತ್ರಪಿಂಡದ ಸಿರೆಯನ್ನು ಲಂಬಕೋನದಲ್ಲಿ ಸೇರುವುದರಿಂದ ಈ ತೊಂದರೆ ಎಡಭಾಗದಲ್ಲೇ ಅಧಿಕ. ವೀರ್ಯಾಣುಗಳು ಬೆಳೆಯಲು ದೇಹಕ್ಕಿಂತ 2ರಿಂದ 4 ಡಿಗ್ರಿಯಷ್ಟು ಕಡಿಮೆ ಶಾಖ ಬೇಕು; ನಿಂತ ರಕ್ತ ಆ ತಂಪನ್ನು ಕೆಡಿಸುತ್ತದೆ. ಆದರೂ 100 ಪುರುಷರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ, ಅವರಲ್ಲಿ ಬಹುಪಾಲು ಜನ ತಂದೆಯರಾಗಿಯೇ ಇದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಂಡು, ಕೈಯಿಂದ ಪರೀಕ್ಷಿಸಿದಾಗ ತಿಳಿಯದಿರುವುದಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದು ಶಸ್ತ್ರವೈದ್ಯರ ಮಾರ್ಗಸೂಚಿಗಳೇ ಹೇಳುತ್ತವೆ.

ಉಬ್ಬು ಕೈಗೆ ಸ್ಪಷ್ಟವಾಗಿ ತಿಳಿಯುತ್ತಿದ್ದು, ಎರಡು ಬಾರಿಯ ವೀರ್ಯಪರೀಕ್ಷೆಯಲ್ಲೂ ಕೊರತೆ ಕಂಡು, ಪತ್ನಿಯ ಆರೋಗ್ಯ ಸರಿಯಿದ್ದರೆ ಮಾತು ಬೇರೆ. ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಇಂತಹ ಒಬ್ಬ ರೈತನಿಗೆ ಎರಡು ವರ್ಷ ಅಶ್ವಗಂಧ, ನಸುಗುನ್ನಿ ಬೀಜದ ಯೋಗಗಳನ್ನೇ ಕೊಡುತ್ತ ಹೋದೆ. ಆತನಿಗೆ ಹಸಿವು, ನಿದ್ರೆ, ಹುರುಪು ಎಲ್ಲವೂ ಹೆಚ್ಚಿದವು; ವೀರ್ಯಾಣುಗಳು ಹೆಚ್ಚಲಿಲ್ಲ. ಅಷ್ಟರಲ್ಲಿ ಆತನ ಪತ್ನಿಗೆ 36 ತುಂಬಿತ್ತು. ಕೆಟ್ಟ ಕವಾಟವನ್ನು ಯಾವ ಲೇಹ್ಯವೂ ಮುಚ್ಚಲಾರದು. ಮೂತ್ರಜ ವೃದ್ಧಿಗೆ ಶಸ್ತ್ರದಿಂದ ಚುಚ್ಚಿ ನೀರು ತೆಗೆಯುವ ವಿಧಾನವನ್ನು ಸುಶ್ರುತರೇ ಹೇಳಿರುವಾಗ, ಆಯುರ್ವೇದ ವೈದ್ಯರು ಶಸ್ತ್ರಕ್ಕೆ ಹಿಂಜರಿಯುವುದೇಕೆ?

ಇಂದು ಸೂಕ್ಷ್ಮದರ್ಶಕದ ನೆರವಿನಿಂದ, ತೊಡೆಸಂದಿನ ಬಳಿ ಸಣ್ಣ ಗಾಯ ಮಾಡಿ ಕೆಟ್ಟ ಸಿರೆಗಳನ್ನಷ್ಟೇ ಕಟ್ಟುತ್ತಾರೆ. ಈ ವಿಧಾನದಲ್ಲಿ ರೋಗ ಮರುಕಳಿಸುವುದೂ, ವೃಷಣದ ಸುತ್ತ ನೀರು ತುಂಬುವುದೂ ಕಡಿಮೆ. ಗಾಯವೇ ಬೇಡವೆಂದರೆ ಸಿರೆಯೊಳಗೆ ನಳಿಕೆ ತೂರಿಸಿ ಅದನ್ನು ಮುಚ್ಚುವ ಎಂಬೋಲೈಸೇಶನ್ ಇದೆ. ಅದು ದೊಡ್ಡ ಊರುಗಳಲ್ಲಿ ಮಾತ್ರ ಲಭ್ಯ. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಹಿಡಿಯುವುದರಿಂದ ಫಲವನ್ನು ಮೂರರಿಂದ ಆರು ತಿಂಗಳು ಕಾಯಬೇಕು. ಎಲ್ಲರಿಗೂ ಫಲ ಸಿಗುವುದೆಂದು ಯಾರಾದರೂ ಖಾತರಿ ಕೊಟ್ಟರೆ ನಂಬಬೇಡಿ. ಪತ್ನಿಗೆ 35 ದಾಟಿದ್ದರೆ, ಇಷ್ಟು ಕಾಯಬೇಕೆ ಅಥವಾ ನೇರವಾಗಿ ಐವಿಎಫ್‌ಗೆ ಹೋಗಬೇಕೆ ಎಂಬುದನ್ನು ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ತಜ್ಞರೊಡನೆ ಚರ್ಚಿಸಲಿ.

ಹಾಗಾದರೆ ನಮ್ಮ ಪದ್ಧತಿಗೆ ಕೆಲಸವಿಲ್ಲವೆ? ಇದೆ. ತಂಬಾಕು, ಗುಟ್ಕಾ, ಮದ್ಯ ಬಿಡಿಸುವುದು, ತೂಕ ಇಳಿಸುವುದು, ಮಲಬದ್ಧತೆ ನೀಗುವುದು, ಶಸ್ತ್ರಚಿಕಿತ್ಸೆಯ ನಂತರ ಬಲ್ಯ ಔಷಧಿಗಳಿಂದ ಪೋಷಿಸುವುದು ನಮಗೆ ಸಾಧ್ಯ. ಗೋಡೆಬರಹದ 'ಗುಪ್ತರೋಗ' ತಜ್ಞರ ಪೊಟ್ಟಣಗಳಿಂದ ದೂರವಿರಿ. ಮೈಕಟ್ಟಿಗೆಂದು ಜಿಮ್‌ಗಳಲ್ಲಿ ತರುಣರು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇನ್ನೂ ಅಪಾಯಕಾರಿ. ಅದು ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು.

ಕೊನೆಯದಾಗಿ, ಉಬ್ಬು ಬಲಗಡೆ ಮಾತ್ರ ಕಂಡರೆ ಅಥವಾ ಮಲಗಿದಾಗಲೂ ಇಳಿಯದಿದ್ದರೆ ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ; ಅಪರೂಪಕ್ಕೆ ಮೂತ್ರಪಿಂಡದ ಗಡ್ಡೆ ಹೀಗೆ ತೋರಿಸಿಕೊಳ್ಳುತ್ತದೆ.