ಬೋರ್ಡು ನೋಡಬೇಡಿ, ಕೋಣೆ ನೋಡಿ!

ತಂದೆ-ತಾಯಂದಿರೇ, ಶಿಕ್ಷಕಿಯರೇ, ಅಂಗನವಾಡಿ ಕಾರ್ಯಕರ್ತೆಯರೇ,

ಬಡಾವಣೆಗೊಂದು ‘ಮಾಂಟೆಸ್ಸೊರಿ’ ಬೋರ್ಡು ಬಂದಿದೆ. ಎಷ್ಟೋ ಕಡೆ ಒಳಗೆ ಹೋದರೆ ಗೋಡೆ ತುಂಬ ಕಾರ್ಟೂನು, ಮೂಲೆಯಲ್ಲಿ ರೈಮ್ಸ್ ಹಾಡುವ ಟಿವಿ, ಪ್ಲಾಸ್ಟಿಕ್ ಆಟಿಕೆಗಳ ರಾಶಿ. ಇವುಗಳ ನಡುವೆ ಮೂರು ವರ್ಷದ ಮಗು ನಾಲ್ಕು ಗೆರೆಯ ಪುಸ್ತಕದಲ್ಲಿ ಎಬಿಸಿಡಿ ತಿದ್ದುತ್ತಿರುತ್ತದೆ. ಬೋರ್ಡಿನ ಮೇಲೆ ಆ ಹೆಸರು ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ. ಕಣ್ಣು-ಕಿವಿಗೆ ಹೆಚ್ಚು ಹೆಚ್ಚು ತುಂಬಿದಷ್ಟೂ ಮಗು ಹೆಚ್ಚು ಕಲಿಯುತ್ತದೆ ಎಂಬ ನಂಬಿಕೆಯೇ ತಪ್ಪು ಎಂದು ಹೇಳಲು ಈ ಕರಪತ್ರ.

ಮಾಂಟೆಸ್ಸೊರಿ ಬಡವರ ಕೇರಿಯಲ್ಲಿ ಹುಟ್ಟಿದ ಪದ್ಧತಿ

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ. ಅಲ್ಲಿ ಆಟಿಕೆಗಳೂ ಇದ್ದವು. ಮಕ್ಕಳು ಅವನ್ನು ಬಿಟ್ಟು ಕಲಿಕೆಯ ಸಾಮಗ್ರಿಗಳನ್ನೇ ಮತ್ತೆ ಮತ್ತೆ ಎತ್ತಿಕೊಳ್ಳುವುದನ್ನು ಅವರು ಕಣ್ಣಾರೆ ಕಂಡರು. 1939ರಲ್ಲಿ ಮದ್ರಾಸಿಗೆ ಬಂದ ಅವರು ಎರಡನೇ ಮಹಾಯುದ್ಧದ ಕಾಲವನ್ನೆಲ್ಲ ಭಾರತದಲ್ಲೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಒಂದು ಸಲಕ್ಕೆ ಒಂದೇ ಗುಣ

ಆ ಸಾಮಗ್ರಿಗಳಲ್ಲಿ ಒಂದನ್ನು ನೋಡಿ. ಉದ್ದನೆಯ ಮರದ ತುಂಡು, ಅದರಲ್ಲಿ ಹತ್ತು ಕುಳಿ. ಪ್ರತಿ ಕುಳಿಗೂ ಸರಿಯಾಗಿ ಕೂರುವ ಒಂದೊಂದು ಮರದ ಸಿಲಿಂಡರ್, ಅದರ ತಲೆಯ ಮೇಲೊಂದು ಪುಟ್ಟ ಗುಬುಟು. ಮಗು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಗುಬುಟು ಹಿಡಿದು ಎಲ್ಲವನ್ನೂ ಹೊರತೆಗೆಯುತ್ತದೆ, ಕಲೆಸುತ್ತದೆ, ಮತ್ತೆ ಕೂರಿಸುತ್ತದೆ. ಸಣ್ಣದನ್ನು ದೊಡ್ಡ ಕುಳಿಗೆ ಹಾಕಿದರೆ ಕೊನೆಗೆ ದಪ್ಪನೆಯದೊಂದು ಎಲ್ಲೂ ಹಿಡಿಸದೆ ಕೈಯಲ್ಲೇ ಉಳಿಯುತ್ತದೆ. ‘ತಪ್ಪು’ ಎಂದು ಯಾರೂ ಹೇಳಬೇಕಿಲ್ಲ. ಮಗು ತಾನೇ ನೋಡಿ ತಿದ್ದಿಕೊಳ್ಳುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳು.

‘ಗುಲಾಬಿ ಗೋಪುರ’ ಎಂಬ ಇನ್ನೊಂದು ಸಾಮಗ್ರಿಯಲ್ಲಿ ಹತ್ತು ಘನಗಳಿವೆ. ಚಿಕ್ಕದರ ಬದಿ 1 ಸೆಂ.ಮೀ., ದೊಡ್ಡದರ ಬದಿ 10 ಸೆಂ.ಮೀ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಆಕಾರ. ಬೇರೆಯಾಗಿರುವುದು ಗಾತ್ರ ಮಾತ್ರ. ಹತ್ತು ಬಣ್ಣ ಬಳಿದು, ಮೇಲೆ ಅಂಕಿ-ಚಿತ್ರ ಅಂಟಿಸಿದರೆ ಮಗುವಿನ ಗಮನ ಚೆದುರುತ್ತದೆ, ಗಾತ್ರದ ಪಾಠ ಕಳೆದುಹೋಗುತ್ತದೆ. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವ ಮಗು ಬರೆಯುವ ಮೊದಲೇ ‘ಅ’ದ ತಿರುವನ್ನು ಕೈಯಿಂದ ಅರಿಯುತ್ತದೆ.

ಸೇರಿಸುವ ಮುನ್ನ ಇಷ್ಟನ್ನು ನೋಡಿ

• ಕಪಾಟುಗಳು ಮಗುವಿನ ಕೈಗೆಟುಕುತ್ತವೆಯೇ? ಸಾಮಗ್ರಿ ಬಳಕೆಯಲ್ಲಿದೆಯೇ, ಗಾಜಿನ ಬೀರುವಿನಲ್ಲಿ ಪ್ರದರ್ಶನಕ್ಕಿದೆಯೇ?
• ಮಗು ತನ್ನ ಕೆಲಸವನ್ನು ತಾನೇ ಆರಿಸಿ, ಚಾಪೆ ಹಾಸಿ, ಮುಗಿಸಿ, ಇದ್ದಲ್ಲೇ ಇಡುತ್ತದೆಯೇ?
• ಅರ್ಧ ಗಂಟೆಗೊಮ್ಮೆ ಬೆಲ್ ಹೊಡೆಯುತ್ತಾರೆಯೇ, ಗಂಟೆಗಟ್ಟಲೆ ಅಡ್ಡಿಯಿಲ್ಲದೆ ಕೆಲಸಕ್ಕೆ ಬಿಡುತ್ತಾರೆಯೇ?
• ಮೂರರಿಂದ ಆರು ವರ್ಷದವರು ಒಟ್ಟಿಗೆ ಇದ್ದಾರೆಯೇ?
• ಶಿಕ್ಷಕಿ ತರಬೇತಿ ಪಡೆದವರೇ? ಆಕೆ ಕೂಗಿ ಹೇಳುತ್ತಾರೆಯೇ, ಪಕ್ಕದಲ್ಲಿ ಕೂತು ತೋರಿಸುತ್ತಾರೆಯೇ?

ದುಡ್ಡಿಲ್ಲದೆಯೂ ಆಗುತ್ತದೆ

ದುಬಾರಿ ಸಾಮಗ್ರಿ ಇಲ್ಲವೆಂದು ಕೈಚೆಲ್ಲಬೇಡಿ. ಹೆಸರುಕಾಳು, ಅವರೆಕಾಳು, ಕಡಲೆ ಬೆರೆಸಿ ಕೊಡಿ; ಕಣ್ಣು ಮುಚ್ಚಿ ಬೆರಳಿನಿಂದಲೇ ಬೇರೆ ಮಾಡಲಿ. ಇಂಗು, ಏಲಕ್ಕಿ, ಮೆಂತ್ಯ ಮೂಸಿ ಹೆಸರು ಹೇಳಲಿ. ಪುಟ್ಟ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಲಿ. ಚೆಲ್ಲಿದರೆ ಒರೆಸಲು ಬಟ್ಟೆ ಪಕ್ಕದಲ್ಲಿರಲಿ. ಚಿಕ್ಕ ಮಕ್ಕಳು ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ದೊಡ್ಡವರು ಜೊತೆಗೇ ಇರಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಘಟ್ಟಕ್ಕೆ ಆಟ ಮತ್ತು ಚಟುವಟಿಕೆಯ ಕಲಿಕೆಯನ್ನೇ ಹೇಳುತ್ತದೆ. ಆದ್ದರಿಂದ ನಮ್ಮ ಒತ್ತಾಯ ಇಷ್ಟು:

ಎಲ್‌ಕೆಜಿ ಮಗುವಿಗೆ ಹೋಮ್‌ವರ್ಕ್ ಬೇಡ. ತರಗತಿಯಲ್ಲಿ ಟಿವಿ ಬೇಡ. ಪ್ರತಿ ಅಂಗನವಾಡಿಗೂ ಮಗುವಿನ ಎತ್ತರದ ಕಪಾಟು, ಕೈಗೆ ಸಿಗುವ ಸಾಮಗ್ರಿ, ಕಾರ್ಯಕರ್ತೆಗೆ ಸರಿಯಾದ ತರಬೇತಿ ಬೇಕು.

ಮುಂದಿನ ಪೋಷಕರ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಿ. ಓದಿದ ಮೇಲೆ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

— ಮಕ್ಕಳ ಕಲಿಕೆಯ ಪರವಾಗಿರುವ ಪೋಷಕರು ಮತ್ತು ಶಿಕ್ಷಕಿಯರು